ಬೀಸುಕಲ್ಲಿಗೆ ಬೂದಿ ಹಾಕಿದ ಚಳಿಗಾಲ

ಮಾನ್ವಿಯಲ್ಲಿ ನಮ್ಮ ಓಣಿಗೆ ಗಾಳಿ ಬರುವುದು ಅಕ್ಕಿ ಗಿರಣಿಯ ಕಡೆಯಿಂದ. ಗಿರಣಿಯಲ್ಲಿ ನೆಲ್ಲಿನ ಹೊಟ್ಟನ್ನು ಸುಡುತ್ತಾರೆ, ಸುಟ್ಟ ಬೂದಿಯನ್ನು ರಸ್ತೆ ಬದಿಯ ತಗ್ಗಿಗೆ ಸುರಿಯುತ್ತಾರೆ. ಸುರಿದದ್ದನ್ನು ಗಾಳಿ ಮನೆ ಮನೆಗೆ ಮುಟ್ಟಿಸುತ್ತದೆ. ಒಣಗಲು ಹಾಕಿದ ಬಟ್ಟೆಯ ಮೇಲೆ, ನೀರಿನ ಕೊಡದ ಮೇಲೆ, ಕಣ್ಣಿನ ರೆಪ್ಪೆಯ ಮೇಲೆ. ನನ್ನ ಅವ್ವ ಇದನ್ನೆಲ್ಲ ಸಹಿಸಿಕೊಂಡಿದ್ದಳು. ಆದರೆ ಆ ಬೂದಿ ಅವಳ ರೊಟ್ಟಿಯ ಮೇಲೆ ಬಂದು ಕೂಡುವುದನ್ನು ಮಾತ್ರ ಅವಳಿಂದ ಸಹಿಸುವುದಾಗಲಿಲ್ಲ.

ಅವ್ವ ಮತ್ತು ಪಕ್ಕದ ಮನೆಯ ಚಾಚಿ ಸೇರಿ ರೊಟ್ಟಿ ಮಾಡಿ ಮಾರುತ್ತಾರೆ. ಮದುವೆ ಮನೆಗೆ, ಖಾನಾವಳಿಗೆ, ಪರೀಕ್ಷೆಗೆಂದು ರಾಯಚೂರಿನಲ್ಲಿ ಕೋಣೆ ಹಿಡಿದಿರುವ ಹುಡುಗರಿಗೆ. ಹಿತ್ತಲಿನ ತಗಡಿನ ನೆರಳಲ್ಲಿ ಎರಡು ಒಲೆ, ಒಲೆಗೊಬ್ಬರು. ಇಬ್ಬರೂ ಎದುರುಬದುರು ಕುಳಿತು ರೊಟ್ಟಿ ಬಡಿಯಲು ಹತ್ತಿದರೆ ತಾಳ ತಪ್ಪುವುದಿಲ್ಲ, ಮಾತೂ ನಿಲ್ಲುವುದಿಲ್ಲ. ಅವ್ವನ ಕನ್ನಡದಲ್ಲಿ ಚಾಚಿಯ ದಖ್ಖನಿ ಬೆರೆತಿದೆ, ಚಾಚಿಯ ದಖ್ಖನಿಯಲ್ಲಿ ಅವ್ವನ ಬೈಗಳು ಬೆರೆತಿವೆ. ನಾನು ಮಾತು ಕಲಿತದ್ದು ಇವರಿಬ್ಬರ ನಡುವೆ ಕುಳಿತು. ಇವತ್ತಿಗೂ ಪಾಠ ಮಾಡುವಾಗ ಸಿಟ್ಟು ಬಂದರೆ ಬಾಯಿಗೆ ಮೊದಲು ಬರುವುದು ಚಾಚಿಯ ಮಾತೇ. ರಾಯಚೂರಿನ ಪಾಲಿಟೆಕ್ನಿಕ್ಕಿನಲ್ಲಿ ಕಟ್ಟಡ ಕೆಲಸದ ಪಾಠ ಹೇಳುವವಳಿಗೆ ಅದು ಒಪ್ಪುತ್ತದೆಯೋ ಇಲ್ಲವೋ, ಹುಡುಗರಿಗಂತೂ ಇಷ್ಟವಾಗಿದೆ.

ಅವ್ವನಿಗೆ ಒಂದು ರೊಟ್ಟಿ ಕೋಣೆ ಬೇಕಿತ್ತು. ನಾಲ್ಕು ಗೋಡೆ, ಒಂದು ಬಾಗಿಲು, ಹೊಗೆ ಹೋಗಲು ಎತ್ತರದ ಕಿಂಡಿ, ಗಾಳಿ ಬಂದರೆ ಮುಚ್ಚಲು ಕಿಟಕಿ. ಮದುಮಗಳು ಸೀರೆಯ ಬಣ್ಣ ಹೇಳುವ ಹಾಗೆ ಅದನ್ನು ಎಲ್ಲರ ಮುಂದೆ ವರ್ಣಿಸುತ್ತಿದ್ದಳು. ಅವಳು ಹರೆಯದಿಂದಲೂ ಕಟ್ಟಡದ ಕೆಲಸಕ್ಕೆ ಹೋದವಳು. ಗೌಂಡಿಗಳಿಗೆ ಸಿಮೆಂಟು ಉಸುಕು ಕಲಸಿ, ಬುಟ್ಟಿ ತುಂಬಿ, ತಲೆಯ ಮೇಲೆ ಹೊತ್ತು ಏಣಿ ಹತ್ತಿದವಳು. ಆ ಕಲಸಿದ್ದಕ್ಕೆ ಅವರೆಲ್ಲ ‘ಮಾಲು’ ಎನ್ನುತ್ತಾರೆ. ಮಾನ್ವಿಯಲ್ಲಿ, ಸಿರವಾರದಲ್ಲಿ, ಎಷ್ಟು ಜನರ ಅಡಿಗೆಮನೆಗಳಿಗೆ ಮಾಲು ಹೊತ್ತಿದ್ದಾಳೋ ಅವಳಿಗೇ ನೆನಪಿಲ್ಲ. ಆಕೆ ಹೊತ್ತದ್ದು ಹೆಚ್ಚಾಗಿ ಒಬ್ಬನೇ ಗೌಂಡಿಗೆ: ಚಾಚಿಯ ಗಂಡ, ನಮ್ಮ ಚಾಚಾ.

ಕೋಣೆಯ ಗೋಡೆ ಎದ್ದಿತು, ಮೇಲೆ ಶೀಟು ಬಿತ್ತು, ಹೊರಮೈಗೆ ಚಾಚಾ ಗಿಲಾವು ಮಾಡಿ ಮುಗಿಸಿದ. ಒಳಮೈಗೆ ಬಂದಾಗ ನೋಡಿದರೆ ಉಳಿದ ಸಿಮೆಂಟು ಸ್ವಲ್ಪದರಲ್ಲಿ ಸಾಲದು. ಗಿಲಾವು ಇಲ್ಲದೆ ಬಿಟ್ಟರೆ ಇಟ್ಟಂಗಿಯ ಪುಡಿ ಉದುರಿ ಹಿಟ್ಟಿಗೆ ಬೀಳುತ್ತದೆ. ಹೊರಗಿನ ಬೂದಿ ತಪ್ಪಿಸಲು ಹೋಗಿ ಒಳಗಿನ ಧೂಳು ತಿನ್ನುವ ಗತಿ. ಅವ್ವನ ಲೆಕ್ಕದಲ್ಲಿ ಒಳಗೋಡೆ ನುಣ್ಣಗಾಗದಿದ್ದರೆ ಕೋಣೆಯೇ ಆಗಿಲ್ಲ. ಬೇಸಿಗೆಯ ಮದುವೆಗಳು ಶುರುವಾಗುವುದರೊಳಗೆ ಒಲೆ ಒಳಗೆ ಬರಬೇಕು ಎಂದು ಇಬ್ಬರೂ ಹಟ ಹಿಡಿದಿದ್ದರು.

ಆಗ ನಾನು ಬಾಯಿ ಹಾಕಿದೆ. ಕಾಲೇಜಿನಲ್ಲಿ ನನ್ನ ಹುಡುಗರು ಹೊಟ್ಟಿನ ಬೂದಿಯನ್ನೇ ಸಿಮೆಂಟಿನ ಜೊತೆ ಬೆರೆಸಿ ಅಚ್ಚು ಹಾಕಿ, ನೀರಲ್ಲಿಟ್ಟು ಗಟ್ಟಿ ಮಾಡಿ, ಯಂತ್ರಕ್ಕೆ ಕೊಟ್ಟು ಒಡೆದು ನೋಡುತ್ತಿದ್ದರು. ಚೆನ್ನಾಗಿ ಸುಟ್ಟು ಬಿಳಿಚಿಕೊಂಡ ಬೂದಿಯನ್ನು ನುಣ್ಣಗೆ ಬೀಸಿ, ಐದು ಪಾಲು ಸಿಮೆಂಟು ಹಾಕುವಲ್ಲಿ ಒಂದು ಪಾಲನ್ನು ಬೂದಿಗೆ ಬಿಟ್ಟರೆ ಮಾಲು ಗಟ್ಟಿಯಾಗಿಯೇ ಕೂಡುತ್ತದೆ. ಇದನ್ನು ಊಟಕ್ಕೆ ಕುಳಿತಾಗ ಹೇಳಿದೆ. ಅವ್ವ ತುತ್ತು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದಳು.

“ಈ ಹಾಳ ಬೂದಿ? ನನ್ನ ರೊಟ್ಟಿ ಮ್ಯಾಲ ಬೀಳೋದು?”

“ಹೂಂ, ಅದೇ.”

“ಹಂಗಾದ್ರ ಅದನ್ನ ಗ್ವಾಡಿಗೇ ಮೆತ್ತೋಣು. ಒಂದು ಕಡಿ ಕುಂತಂಗ ಆಗ್ತದ.”

ಚಾಚಾ ಒಪ್ಪಲಿಲ್ಲ. ಆಗ ಆತ ದೇವದುರ್ಗದಲ್ಲಿ ಒಂದು ದೊಡ್ಡ ಮನೆಯ ಕೆಲಸ ಹಿಡಿದಿದ್ದ, ಭಾನುವಾರ ಮಾತ್ರ ಊರಿಗೆ ಬರುತ್ತಿದ್ದ. ಕಟ್ಟೆಯ ಮೇಲೆ ಕುಳಿತು ಚಹಾ ಹೀರುತ್ತ ಹೇಳಿದ: “ನೋಡ್ರಿ ಅಕ್ಕ, ನಾ ಗಿಲಾವು ಮಾಡಿದ ಮನಿ ಮುಂದ ಹಾದು ಹೋಗುವಾಗ ತಲಿ ಎತ್ತಿ ಹೋಗ್ತೀನಿ. ನಿಮ್ಮ ಮನಿ ಮುಂದ ತಲಿ ತಗ್ಗಿಸಿ ಹೋಗಂಗ ಮಾಡಬ್ಯಾಡ್ರಿ.”

“ತಗ್ಗಿಸ್ಲಿ ಬಿಡ್ರಿ ಆಪಾ,” ಎಂದಳು ಚಾಚಿ ಒಳಗಿನಿಂದ. “ಹಂಗರ ಕಾಲಾಗಿನ ಚಪ್ಲಿ ಹರಿದದ್ದು ಕಾಣ್ತದ. ನಾ ಹೇಳಿ ಹೇಳಿ ಸಾಕಾದೆ.”

“ಏ, ನೀ ಸುಮ್ಕಿರು. ಇದು ಕರಣಿ ಹಿಡಿಯೋರ ಮಾತು.”

“ಭಾಯಿ, ನೀವು ಕರಣಿ ಹಿಡಿದ್ರಿ ಖರೆ. ಅದಕ್ಕ ಮಾಲು ಕೊಟ್ಟಾಕಿ ಯಾರು?” ಎಂದಳು ಅವ್ವ.

ಆತ ನಕ್ಕ. ಅವ್ವನ ಮುಂದೆ ಆತನಿಗೆ ಹೆಚ್ಚು ಹೊತ್ತು ಬಿಗಿಯಾಗಿ ಇರಲು ಬರುವುದಿಲ್ಲ. ಕೊನೆಗೆ ಒಂದು ಕರಾರು ಮಾಡಿದ. ಬಾಗಿಲ ಹಿಂದಿನ ಮೂಲೆಯಲ್ಲಿ ಒಂದಿಷ್ಟು ಜಾಗಕ್ಕೆ ಬೂದಿಯ ಮಾಲು ಹಚ್ಚಿ ನೋಡುವುದು. ಒಂದು ವಾರ ನೀರು ಹೊಡೆಯುವುದು. ನಿಂತರೆ ಇಡೀ ಕೋಣೆಗೆ ತಾನೇ ಹಚ್ಚುತ್ತಾನೆ. ಉದುರಿದರೆ ಬೂದಿಯ ಸುದ್ದಿ ಯಾರೂ ತೆಗೆಯುವಂತಿಲ್ಲ, ಸಿಮೆಂಟು ಒದಗಿದಾಗ ನೋಡಿದರಾಯಿತು. ಒದಗುವುದು ಬೇಸಿಗೆ ಕಳೆದ ಮೇಲೆಯೇ ಎಂದು ಎಲ್ಲರಿಗೂ ಗೊತ್ತಿತ್ತು.

ಗಿರಣಿಯವರನ್ನು ಕೇಳಿದರೆ, ಬೇಕಾದಷ್ಟು ಒಯ್ಯಿರಿ, ಇನ್ನೂ ಬೇಕಾದರೆ ಗಾಡಿಯಲ್ಲಿ ಕಳಿಸುತ್ತೇವೆ ಎಂದರು. ಅವ್ವ, ಚಾಚಿ ತಗ್ಗಿಗೆ ಇಳಿದು ಕರಿ ಬೂದಿ ಬಿಟ್ಟು ಬಿಳಿ ಬೂದಿಯನ್ನಷ್ಟೇ ಆರಿಸಿ ಚೀಲ ತುಂಬಿದರು. ಇನ್ನು ಅದನ್ನು ಬೀಸಬೇಕಲ್ಲ. ಹಿಟ್ಟಿನ ಗಿರಣಿಗೆ ಹೊತ್ತುಕೊಂಡು ಹೋದರು. ಗಿರಣಿಯವನು ಚೀಲದ ಬಾಯಿ ಬಿಚ್ಚಿ ನೋಡಿ ಎರಡು ಹೆಜ್ಜೆ ಹಿಂದೆ ಸರಿದ.

“ಯವ್ವಾ, ನಾಳಿ ಊರ ಮಂದಿ ಹಲ್ಲು ಕರಕರ ಅಂದ್ರ ನನ್ನ ಬಂದು ಬಡೀತಾರ. ತಗೊಂಡು ಹೋಗ್ರಿ.”

ಅವತ್ತಿನಿಂದ ಆತ ಇವರ ಯಾವ ಡಬ್ಬಿಯನ್ನೂ ನಂಬದಾದ. ಜೋಳ ತಂದರೂ ಕೈ ಹಾಕಿ ತಳದವರೆಗೆ ತಡಕಾಡಿ ನೋಡುತ್ತಿದ್ದ. ಇವರಿಗೆ ರೋಷ ಬಂತು. ಅಟ್ಟದ ಮೂಲೆಯಲ್ಲಿದ್ದ ಬೀಸುಕಲ್ಲನ್ನು ಇಳಿಸಿ ಅಂಗಳಕ್ಕೆ ತಂದರು. ಇಬ್ಬರೂ ಗೂಟಕ್ಕೆ ಕೈ ಹಚ್ಚಿ, ಸೆರಗಿನಿಂದ ಮೂಗು ಬಾಯಿ ಕಟ್ಟಿಕೊಂಡು ಬೂದಿ ಬೀಸಲು ಕುಳಿತರು. ಬೀಸುಕಲ್ಲು ತಿರುಗಿದ ಮೇಲೆ ಹಾಡು ತಾನಾಗಿ ಬಂತು. ಅಜ್ಜಿ ಹೇಳುತ್ತಿದ್ದ ಹಾಡುಗಳಲ್ಲಿ ಜೋಳ ಬರಬೇಕಾದ ಕಡೆಯೆಲ್ಲ ಅವ್ವ ಬೂದಿಯನ್ನು ಸೇರಿಸಿ ಹಾಡಿದಳು. ಚಾಚಿ ನಗು ತಡೆಯಲಾಗದೆ ಸೆರಗಿನೊಳಗೇ ಕೆಮ್ಮಿದಳು. ಹಾದಿಯಲ್ಲಿ ಹೋಗುತ್ತಿದ್ದ ಒಬ್ಬ ಮುದುಕ ನಿಂತು ಕೇಳಿದ:

“ಏನು ಬೀಸಾಕತ್ತೀರಿ ಯವ್ವಾ?”

“ಬೂದಿ.”

“ಯಾರಿಗಿ?”

“ಗ್ವಾಡಿಗಿ ಹಸಿವಾಗ್ಯದ ಯಪ್ಪಾ,” ಎಂದಳು ಅವ್ವ, ಕಲ್ಲು ನಿಲ್ಲಿಸದೆ.

ಮುದುಕ ಚಾಚಿಯ ಮುಖ ನೋಡಿದ, ಅಲ್ಲಿಯೂ ಸಮಾಧಾನ ಸಿಗದೆ ಹೋದ.

ಬೂದಿ ಮುಗಿದ ಮೇಲೆ ಕಲ್ಲನ್ನು ತಿಕ್ಕಿ ತೊಳೆದು ಬಿಸಿಲಿಗೆ ಒಣಗಿಸಿ, ಅದರಲ್ಲೇ ಸಜ್ಜಿಯನ್ನೂ ಬೀಸಿದರು. ಸಂಕ್ರಾಂತಿ ಹತ್ತಿರ ಬಂದಿತ್ತು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿಗೆ ಆಗಲೇ ಹೇಳಿಕಳಿಸಿದವರಿದ್ದರು, ಗಿರಣಿಯವನ ಮೇಲಿನ ಸಿಟ್ಟೂ ಇನ್ನೂ ಆರಿರಲಿಲ್ಲ. ಬೂದಿ ಒಂದು ಎಣ್ಣೆ ಡಬ್ಬಿಗೆ, ಸಜ್ಜಿ ಹಿಟ್ಟು ಇನ್ನೊಂದು ಎಣ್ಣೆ ಡಬ್ಬಿಗೆ ಹೋಯಿತು. ಎರಡನ್ನೂ ಒಂದೇ ಹಲಗೆಯ ಮೇಲೆ ಇಟ್ಟರು.

ಭಾನುವಾರ ಚಾಚಾ ಬಂದ. ನಾನೂ ರಾಯಚೂರಿನಿಂದ ಬಂದಿದ್ದೆ. ಅವ್ವ ಡಬ್ಬಿ ಇಳಿಸಿ ತಂದಳು. ಬೂದಿ ಹಾರುತ್ತದೆಂದು ಮೂವರೂ ಮೂಗು ಬಾಯಿ ಬಿಗಿದು ಕಟ್ಟಿಕೊಂಡೆವು. ಅವ್ವ ಬಟ್ಟಲಿನಿಂದ ಅಳೆದು ಅಳೆದು ಹಾಕಿದಳು, ನಾನು ಪಕ್ಕದಲ್ಲಿ ನಿಂತು ಹೂಂ ಹೂಂ ಎಂದೆ. ಚಾಚಾ ಮಾತ್ರ ಆಕಡೆ ಮುಖ ಮಾಡಿ ನಿಂತಿದ್ದ. ನೀವು ಏನು ಹಾಕುತ್ತೀರೋ ಅದು ನಿಮಗೆ ಸೇರಿದ್ದು, ನನ್ನ ಕೆಲಸ ಹಚ್ಚುವುದಷ್ಟೇ ಎಂಬ ಭಾವ. ಆದರೆ ಕರಣಿಯಿಂದ ಮಾಲು ಎತ್ತಿ ಗೋಡೆಗೆ ಎಳೆದ ಕೂಡಲೇ ಆತನ ಹುಬ್ಬು ಮೇಲೆದ್ದಿತು.

“ಅರೆ, ಬೆಣ್ಣಿ ಹಂಗ ಹೊಂಟದ ಇದು.”

“ನೋಡಿದ್ರೇನು?” ಎಂದಳು ಅವ್ವ ಸೆರಗಿನೊಳಗಿಂದ.

ನಾನು, ಬೂದಿ ನುಣ್ಣಗಿರುವುದರಿಂದ ಮಾಲು ಹೀಗೆ ಸಲೀಸಾಗಿ ಜಾರುತ್ತದೆ ಎಂದು ಪಾಠದ ಧಾಟಿಯಲ್ಲಿ ವಿವರಿಸಿದೆ. ಚಾಚಾ ತಲೆಯಾಡಿಸಿದ. ಅಷ್ಟು ಖುಷಿಯ ಭಾನುವಾರ ಆ ತಿಂಗಳಲ್ಲಿ ಬೇರೆ ಇರಲಿಲ್ಲ.

ಅವ್ವ ದಿನಾ ಆ ಮೂಲೆಗೆ ನೀರು ಹೊಡೆದಳು. ಮುಂದಿನ ಭಾನುವಾರ ಚಾಚಾ ಬಂದು ಕರಣಿಯ ಹಿಡಿಕೆಯಿಂದ ತಟ್ಟಿದ. ಒದ್ದೆ ಮಣ್ಣಿಗೆ ತಟ್ಟಿದ ಹಾಗೆ ಸಪ್ಪೆ ಸದ್ದು ಬಂತು. ಹೆಬ್ಬೆರಳಿನ ಉಗುರಿನಿಂದ ಗೀರಿದ, ಉಗುರಿನ ತುಂಬ ಮಾಲು ಬಂತು. ಕರಣಿಯ ತುದಿ ಇಟ್ಟರೆ ಒಂದು ಹೆಂಟೆ ಕಳಚಿ ನೆಲಕ್ಕೆ ಬಿತ್ತು. ಆತ ಗೆದ್ದವನಂತೆ ನಗಲಿಲ್ಲ. ಬಿದ್ದ ಹೆಂಟೆಯನ್ನು ಎತ್ತಿ ಅವ್ವನ ಕೈಗೆ ಕೊಟ್ಟು, “ನಂಗೂ ಆಗ್ಲಿ ಅಂತಿತ್ತು ಅಕ್ಕ,” ಎಂದ.

ಅವ್ವ ಕರಾರಿನಂತೆ ನಡೆದಳು. ಬೂದಿಯ ಸುದ್ದಿ ತೆಗೆಯಲಿಲ್ಲ. ಖಾಲಿ ಕೋಣೆಯ ಬಾಗಿಲು ಮುಚ್ಚಿ ಚಿಲಕ ಹಾಕಿ, ಮತ್ತೆ ತಗಡಿನ ನೆರಳಿಗೆ ಬಂದು ಒಲೆ ಹೊತ್ತಿಸಿದಳು. ಚಾಚಿ ಎದುರಿನ ಒಲೆಯ ಮುಂದೆ ಕುಳಿತಳು. ಅವತ್ತು ರೊಟ್ಟಿ ಬಡಿಯುವ ಸದ್ದು ಮಾತ್ರ ಕೇಳಿಸಿತು.

ನಾನು ಆ ಹೆಂಟೆಯನ್ನು ಕಾಗದದಲ್ಲಿ ಸುತ್ತಿ ರಾಯಚೂರಿಗೆ ತಂದೆ. ಮರುದಿನ ಉಪನ್ಯಾಸಕರ ಕೋಣೆಯಲ್ಲಿ ಮೇಜಿನ ಮೇಲಿಟ್ಟು ಬಂದವರಿಗೆಲ್ಲ ತೋರಿಸಿದೆ. ಬೂದಿ ಪೂರ್ತಿ ಸುಟ್ಟಿರಲಿಲ್ಲವೇನೋ, ಕರಿ ಅಂಶ ಉಳಿದಿತ್ತೇನೋ, ನೀರು ಹೆಚ್ಚು ಕುಡಿದಿತ್ತೇನೋ. ಒಬ್ಬೊಬ್ಬರ ಮುಂದೆ ಒಂದೊಂದು ಕಾರಣ ಹೇಳಿದೆ, ಎಲ್ಲವೂ ನನಗೆ ಸರಿ ಎನಿಸಿದವು. ಅದಾದ ಮರುದಿನ ಬೆಳಿಗ್ಗೆ ಕಸ ಗುಡಿಸುವ ಆಯಾ ನನ್ನನ್ನು ಬಾಗಿಲಲ್ಲೇ ತಡೆದಳು.

“ಮೇಡಂ, ಮೇಜಿನ ಮ್ಯಾಲ ತಿನ್ನಾದು ಇಟ್ಟು ಹೋಗಬ್ಯಾಡ್ರಿ. ಇರುವಿ ನೋಡ್ರಿ ಹೆಂಗ ಹತ್ಯಾವ.”

ಕಿಟಕಿಯಿಂದ ಇಳಿದು, ಗೋಡೆಗುಂಟ ಬಂದು, ಮೇಜಿನ ಕಾಲು ಹತ್ತಿ, ಇರುವೆಗಳ ಸಾಲು ಸೀದಾ ನನ್ನ ಹೆಂಟೆಯೊಳಗೆ ಹೋಗುತ್ತಿತ್ತು. ಒಳಗಿನಿಂದ ಬರುವ ಪ್ರತಿಯೊಂದು ಇರುವೆಯ ಬಾಯಲ್ಲೂ ಒಂದು ಕಣ. ನಾನು ಕುರ್ಚಿ ಎಳೆದು ಕುಳಿತು ನೋಡಿದೆ. ಬೂದಿ ತಿನ್ನುವ ಇರುವೆಯನ್ನು ನಾನು ಎಲ್ಲಿಯೂ ಕಂಡಿರಲಿಲ್ಲ. ಹೆಂಟೆಯನ್ನು ಮುರಿದು ಮೂಗಿಗೆ ಹಿಡಿದೆ. ಸಿಮೆಂಟಿನ ವಾಸನೆಯ ಹಿಂದೆ, ಮುಗ್ಗಲು ಹಿಡಿದ ಸಜ್ಜಿ ಹಿಟ್ಟಿನ ವಾಸನೆ.

ಅವ್ವನಿಗೆ ಫೋನು ಮಾಡಿದೆ.

“ಯವ್ವಾ, ಕ್ವಾಣಿ ಬಾಗಲ ತಗದು ನೋಡು. ಆ ಮೂಲ್ಯಾಗ ಇರುವಿ ಅದಾವೇನು?”

“ನಿಂಗ ಹೆಂಗ ಗೊತ್ತಾತು? ಮುಂಜಾನಿಂದ ಚಾಚಿ ಗುಡಿಸಿ ಗುಡಿಸಿ ಹಾಕಾಕತ್ತಾಳ.”

“ಹಲಗಿ ಮ್ಯಾಲಿನ ಡಬ್ಬಿ ತಗದು ನೋಡು. ಸಜ್ಜಿ ಹಿಟ್ಟಿಂದು.”

ಫೋನು ಹಿಡಿದೇ ಆಕೆ ಹೋದಳು. ಡಬ್ಬಿ ಇಳಿಸಿದ ಸದ್ದು, ಮುಚ್ಚಳ ತೆಗೆದ ಸದ್ದು ಕೇಳಿತು. ನಂತರ ಚಾಚಿಯ ದನಿ ದೂರದಿಂದ ಬಂತು: “ಕ್ಯಾ ಹುವಾ ಆಪಾ? ಯಾಕ ಹಂಗ ನಿಂತ್ರಿ?” ಅವ್ವ ಹೇಳಿದ್ದು ಇಷ್ಟೇ: “ಗ್ವಾಡಿಗಿ ಸಂಕ್ರಾಂತಿ ಮಾಡೀವಿ ಬೇ.”

ಆ ಕಡೆ ನಗು ಶುರುವಾಯಿತು. ಇಬ್ಬರೂ ಫೋನನ್ನು ಮರೆತುಬಿಟ್ಟರು. ನಾನು ಕಿವಿಗೆ ಹಿಡಿದುಕೊಂಡೇ ಕುಳಿತಿದ್ದೆ. ಚಾಚಿಗೆ ಉಸಿರು ಸಿಕ್ಕಾಗೊಮ್ಮೆ ಒಂದು ಮಾತು ಬರುತ್ತಿತ್ತು. “ಹಿಟ್ಟು ಮುಟ್ಟಿ ಹೊಲ ಯಾವುದು ಅಂತ ಹೇಳ್ತೀನಿ ಅಂತಿದ್ರಿ.” ಮತ್ತೆ ನಗು. “ಬೆಣ್ಣಿ ಹಂಗ ಹೊಂಟದ ಅಂದ್ನಲ್ಲ ನಮ್ಮ ಮನುಷ್ಯಾ.” ಮತ್ತೆ ನಗು. ಮೂಗು ಕಟ್ಟಿಕೊಂಡಿದ್ದ ಮೂವರಿಗೂ ವಾಸನೆ ಬಂದಿರಲಿಲ್ಲ. ಬಣ್ಣದಲ್ಲಿ ಬೂದಿಗೂ ಸಜ್ಜಿ ಹಿಟ್ಟಿಗೂ ಅಣ್ಣತಮ್ಮಂದಿರಷ್ಟೇ ವ್ಯತ್ಯಾಸ. ಇನ್ನು ನಾಲ್ಕು ದಿನ ಹೋಗಿದ್ದರೆ ಸಂಕ್ರಾಂತಿಯ ಗಿರಾಕಿಗಳಿಗೆ ಬೂದಿಯ ರೊಟ್ಟಿ ಹೋಗುತ್ತಿತ್ತು ಎಂದು ಅವ್ವನಿಗೆ ಹೊಳೆದಾಗ ನಗು ಇನ್ನೊಂದು ಸುತ್ತು ಬಂತು.

ಆದರೆ ಕರಾರು ಕರಾರೇ. ಬೂದಿಯ ಸುದ್ದಿಯನ್ನು ತಾನು ತೆಗೆಯಲಾರೆ ಎಂದಳು ಅವ್ವ. ಕೊಟ್ಟ ಮಾತಿನಿಂದ ಹಿಂದೆ ಸರಿಯುವುದು ಅವಳ ಜಾಯಮಾನದಲ್ಲಿಲ್ಲ. ಚಾಚಿ ತಾನು ಯಾವ ಮಾತನ್ನೂ ಕೊಟ್ಟಿಲ್ಲವೆಂದು ದೇವದುರ್ಗಕ್ಕೆ ಫೋನು ಹಚ್ಚಿದಳು.

“ಏನ್ರೀ, ಗ್ವಾಡಿಗಿ ಏನು ಹಚ್ಚಿದ್ರಿ ಗೊತ್ತದೇನು? ಸಜ್ಜಿ ಹಿಟ್ಟು. ದೊಡ್ಡ ಗೌಂಡಿ ಅಂತ, ಹಿಟ್ಟಿಗೂ ಬೂದಿಗೂ ಫರಕ್ ತಿಳೀಲಿಲ್ಲ.”

ಕೆಲಸದ ನಡುವೆಯೇ ಆತ ಎಷ್ಟು ಜೋರಾಗಿ ನಕ್ಕನೆಂದರೆ ಮನೆ ಕಟ್ಟಿಸುವವರು ಏನಾಯಿತೆಂದು ಓಡಿ ಬಂದರಂತೆ. ನಗು ನಿಂತ ಮೇಲೆ ಹೇಳಿದ: “ಅಕ್ಕಗ ಹೇಳು. ಬೂದಿ ಇನ್ನೂ ಗ್ವಾಡಿಗೆ ಹತ್ತೇ ಇಲ್ಲ. ಹತ್ತಲಾರದ್ದು ಸೋತದ ಅಂತ ಹೆಂಗ ಅನ್ನಾದು? ಕರಾರು ಹಂಗೇ ಅದ.”

ಆ ಭಾನುವಾರ ಹಳೆಯ ಹಿಟ್ಟಿನ ಗಿಲಾವನ್ನು ಪೂರ್ತಿ ಕೆರೆದು, ಗೋಡೆ ತೊಳೆದು, ಹೊಸದಾಗಿ ಶುರುವಾಯಿತು. ಈ ಸಲ ಚಾಚಾ ಆಕಡೆ ಮುಖ ಮಾಡಲಿಲ್ಲ. ಡಬ್ಬಿ ತರಿಸಿ ಮುಚ್ಚಳ ತೆಗೆದು ಮೂಸಿದ. ಸಮಾಧಾನವಾಗದೆ ಒಂದು ಚಿಟಿಕೆ ನಾಲಿಗೆಯ ಮೇಲೆ ಹಾಕಿಕೊಂಡು, ಮುಖ ಕಿವುಚಿ ಉಗುಳಿ, “ಹಾಂ, ಇದು ಅಸಲಿ,” ಎಂದ. ಮಾಲು ಬೆಣ್ಣೆಯ ಹಾಗೆ ಹೋಗಲಿಲ್ಲ. ಸ್ವಲ್ಪ ಒರಟು, ಸ್ವಲ್ಪ ಅಂಟು, ನೀರನ್ನು ಹೆಚ್ಚು ಕೇಳಿತು. ಆತ ಗೊಣಗುತ್ತ ಗೊಣಗುತ್ತಲೇ ಹಚ್ಚಿದ. ನಾನು ಈ ಸಲ ವಿವರಿಸಲು ಹೋಗಲಿಲ್ಲ.

ಸಂಕ್ರಾಂತಿ ಬಂತು, ಹೋಯಿತು. ಸಜ್ಜಿಯನ್ನು ಮತ್ತೆ ಬೀಸಿ, ಬೂದಿಯ ಡಬ್ಬಿಯನ್ನು ಬಚ್ಚಲ ಕಡೆ ಇಟ್ಟು, ಗಿರಾಕಿಗಳಿಗೆಲ್ಲ ರೊಟ್ಟಿ ಮುಟ್ಟಿಸಿದ್ದಾಯಿತು. ಮುಂದಿನ ಭಾನುವಾರದವರೆಗೆ ಕಾಯಬೇಕಿತ್ತು. ಚಾಚಾನಿಗೆ ಅಷ್ಟು ತಾಳ್ಮೆ ಇರಲಿಲ್ಲ. ವಾರದ ನಡುವೆಯೇ ಒಂದು ಸಂಜೆ ದೇವದುರ್ಗದ ಬಸ್ಸು ಇಳಿದು, ತನ್ನ ಮನೆಗೂ ಹೋಗದೆ ನಮ್ಮ ಹಿತ್ತಲಿಗೆ ಬಂದನಂತೆ. ಅವ್ವ ಮರುದಿನ ನನಗೆ ಹೇಳಿದ್ದು ಇದು. ಆತ ಚಪ್ಪಲಿ ಬಿಟ್ಟು ಒಳಗೆ ಹೋಗಿ, ಜೇಬಿನಿಂದ ಕೀಲಿಕೈ ತೆಗೆದು ಮೂಲೆಯನ್ನು ತಟ್ಟಿದ. ಖಣ್ ಎಂದಿತು. ಸ್ವಲ್ಪ ಮೇಲೆ, ಸ್ವಲ್ಪ ಕೆಳಗೆ ತಟ್ಟಿದ. ಎಲ್ಲ ಕಡೆ ಅದೇ ಸದ್ದು. ಉಗುರಿನಿಂದ ಗೀರಿದರೆ ಉಗುರೇ ಸವೆಯಿತು. ಹೊರಗೆ ಬಂದು ಕೈ ಝಾಡಿಸಿ, “ಅಕ್ಕ, ಭಾನುವಾರ ಮುಂಜಾನಿ ಮಾಲು ಕಲಸ್ರಿ,” ಎಂದಷ್ಟೇ ಹೇಳಿ ಹೋದ.

ಆ ಭಾನುವಾರ ಅವ್ವ ಹಳೆಯ ಸೀರೆ ಉಟ್ಟು, ಕಚ್ಚೆ ಬಿಗಿದು, ತಲೆಗೆ ಸಿಂಬಿ ಸುತ್ತಿ ತಯಾರಾಗಿ ನಿಂತಿದ್ದಳು. ಚಾಚಾ ಬೈದ.

“ಅಕ್ಕ, ಇವತ್ತು ನೀವು ಮಾಲಕರು. ಖುರ್ಚಿ ಹಾಕ್ಕೊಂಡು ಕುಂತು, ಇದು ಸೊಟ್ಟದ, ಅದು ಸೊಟ್ಟದ ಅನ್ನಬೇಕು. ನಿಯಮ ಹಂಗದ.”

“ಸೊಟ್ಟದ ಅಂತ ನಿಂತುಕೊಂಡೂ ಅಂತೀನಿ. ಮಾಲು ಹಿಡೀರಿ.”

ಚಾಚಿ ಉಸುಕು ಸಾಣಿಸಿದಳು, ನಾನು ನೀರು ಹೊತ್ತೆ. ಅವ್ವ ಸಿಮೆಂಟು, ಬೂದಿ, ಉಸುಕು ಮೂರನ್ನೂ ಒಣಗಿದ್ದಾಗಲೇ ಮೂರು ಸಲ ಮಗುಚಿ, ನಡುವೆ ಕುಣಿ ಮಾಡಿ ನೀರು ಹಾಕಿದಳು. ರೊಟ್ಟಿಯ ಹಿಟ್ಟಿಗೆ ಎಸರು ಹಾಕುವ ಹಾಗೆಯೇ. ಗೋಡೆಗೆ ಮೊದಲ ಮಾಲು ಬೀಳುವ ಮುಂಚೆ ಚಾಚಾ ತನ್ನಷ್ಟಕ್ಕೆ ತನ್ನ ದೇವರ ಹೆಸರು ಹೇಳಿಕೊಂಡ, ಅವ್ವ ತನ್ನಷ್ಟಕ್ಕೆ ತನ್ನ ದೇವರ ಹೆಸರು ಹೇಳಿಕೊಂಡಳು. ಆಮೇಲೆ ಸಂಜೆಯವರೆಗೆ ಇಬ್ಬರ ಬಾಯೂ ನಿಲ್ಲಲಿಲ್ಲ. ಆತ ಬೇಕಂತಲೇ ಮಾಲು ತೆಳುವಾಯಿತು ಎನ್ನುತ್ತಿದ್ದ, ಅವಳು ಬೇಕಂತಲೇ ಗೋಡೆ ಸೊಟ್ಟಗಾಯಿತು ಎನ್ನುತ್ತಿದ್ದಳು. ಸಿಮೆಂಟು ಸಾಲಿತು. ಕೊನೆಯ ಬುಟ್ಟಿಯನ್ನು ಅವ್ವ ತಲೆಯ ಮೇಲೆ ಹೊತ್ತು ತಂದಳು. ಹೊರುವಷ್ಟು ದೂರ ಇರಲಿಲ್ಲ, ಅಂಗಳದಿಂದ ಕೋಣೆಗೆ ನಾಲ್ಕು ಹೆಜ್ಜೆ. ಆದರೂ ತಲೆಯ ಮೇಲೆಯೇ ತಂದಳು.

ಗೋಡೆ ನೀರು ಕುಡಿದು ಮುಗಿಸುವವರೆಗೆ ಒಲೆ ಹೊತ್ತಿಸಕೂಡದು ಎಂದು ಚಾಚಾ ಕಟ್ಟುನಿಟ್ಟು ಮಾಡಿದ್ದ. ಅವ್ವ ದಿನಕ್ಕೆ ಹಲವು ಸಲ ಒಳಗೆ ಹೋಗಿ ಅಂಗೈಯಿಂದ ಗೋಡೆ ಮುಟ್ಟಿ ನೋಡುತ್ತಿದ್ದಳು. ಚಾಚಿ, ಜ್ವರ ಇಳೀತೇನು ಎಂದು ಕೇಳುತ್ತಿದ್ದಳು.

ಮದುವೆಯ ಮೊದಲ ಆರ್ಡರು ಬಂದ ದಿನ ಎರಡೂ ಒಲೆಗಳು ಒಳಗೆ ಹೊತ್ತಿದವು. ಹೊರಗೆ ಗಾಳಿ ಜೋರಾಗಿತ್ತು, ಗಿರಣಿಯ ಕಡೆಯಿಂದ ಮಬ್ಬು ಎದ್ದು ಬರುತ್ತಿತ್ತು. ಅವ್ವ ಎದ್ದು ಹೋಗಿ ಕಿಟಕಿ ಮುಚ್ಚಿ ಬಂದು ಕುಳಿತಳು. ಆ ಮುಚ್ಚುವುದನ್ನು ಬಹಳ ನಿಧಾನವಾಗಿ ಮಾಡಿದಳು. ಚಾಚಾ ಬಿಳಿ ಅಂಗಿ ತೊಟ್ಟು ಎಲ್ಲೋ ಹೊರಟವನು ವಾಸನೆಗೆ ಒಳಬಂದು, ಗೋಡೆಗೆ ಒರಗಿ ಕುಳಿತು ಬಿಸಿ ರೊಟ್ಟಿ, ಪುಂಡಿಪಲ್ಲೆ ಹಾಕಿಸಿಕೊಂಡ. ತಿಂದು ಎದ್ದವನನ್ನು ಅವ್ವ ಬಾಗಿಲಲ್ಲಿ ನಿಲ್ಲಿಸಿದಳು.

“ಭಾಯಿ, ಸ್ವಲ್ಪ ಹಿಂದಕ ತಿರುಗ್ರಿ.”

ಆತ ತಿರುಗಿದ. ಅವ್ವ, ಚಾಚಿ ಇಬ್ಬರೂ ಹಿಟ್ಟಿನ ಕೈಯಲ್ಲೇ ಎದ್ದು ಬಂದು ಆತನ ಬೆನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. ಬಿಳಿ ಅಂಗಿಯ ಮೇಲೆ ಒಂದು ಕಣ ಧೂಳೂ ಇರಲಿಲ್ಲ.

“ಏನದ?” ಎಂದ ಆತ.

“ಏನೂ ಇಲ್ಲ,” ಎಂದಳು ಅವ್ವ. “ಹೋಗ್ರಿ ಇನ್ನ, ತಲಿ ಎತ್ತಿ.”